ಶಾಲೆಗೆ ಬೀಗ ಬಿದ್ದರೆ ಬಿಸಿಯೂಟಕ್ಕೂ ಬೀಗವೇ? ಕೊರೊನಾ ಕಾಲದಲ್ಲಿ ಮಕ್ಕಳಿಗೆ ಸಿಗಬೇಕಾಗಿದ್ದೇನು, ಸಿಕ್ಕಿದ್ದೇನು

"ಶಾಲೆಯೇ ನಡೆಯುತ್ತಿಲ್ಲ, ಇನ್ನು ಊಟ ಎಲ್ಲಿಂದ ಕೊಡ್ತಾರೆ?" ಕೊರೊನಾ ಕಾಲದಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಈಗಲೂ ಮಳೆಯಿಂದಲೋ ಜ್ವರದ ಹಾವಳಿಯಿಂದಲೋ ಶಾಲೆಗಳಿಗೆ ರಜೆ ಘೋಷಣೆಯಾದಾಗ ಇದೇ ಅರ್ಥದ ಸಂದೇಶಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತವೆ. ಜೊತೆಗೆ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಇದೆ: ಬಿಸಿಯೂಟ ಅನ್ನೋದು ಸರ್ಕಾರದ ಔದಾರ್ಯ, ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು, ಪುಕ್ಕಟೆ ಊಟಕ್ಕೆ ಯಾರು ಪ್ರಶ್ನೆ ಕೇಳ್ತಾರೆ?

ಎರಡೂ ತಪ್ಪು. ಬಿಸಿಯೂಟ 2013ರಿಂದ ಕಾನೂನು ಕೊಟ್ಟಿರುವ ಹಕ್ಕು. ಅಡುಗೆ ಆಗದ ದಿನ ಏನು ಕೊಡಬೇಕು ಎಂಬುದನ್ನು 2015ರ ನಿಯಮದಲ್ಲೇ ಬರೆದಿಡಲಾಗಿದೆ. ಅಂದರೆ ಕೊರೊನಾ ಬರುವ ಐದು ವರ್ಷ ಮೊದಲೇ ಇದಕ್ಕೊಂದು ಉತ್ತರ ಇತ್ತು. ಆ ಉತ್ತರ ಏನು, 2020–21ರಲ್ಲಿ ಅದು ಮಕ್ಕಳ ತಟ್ಟೆಗೆ ಎಷ್ಟರ ಮಟ್ಟಿಗೆ ಬಂತು ಎಂದು ನೋಡೋಣ. ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಕಷ್ಟದ್ದೇನಲ್ಲ.

ಇದು ಹಕ್ಕಾಗಿದ್ದು ಹೇಗೆ?

ಶಾಲೆಯಲ್ಲಿ ಊಟ ಹಾಕುವುದು ಹೊಸ ವಿಚಾರವಲ್ಲ. ತಮಿಳುನಾಡಿನಲ್ಲಿ ಕಾಮರಾಜರ ಕಾಲದಲ್ಲೇ ಅದು ಶುರುವಾಗಿತ್ತು, 1982ರಲ್ಲಿ ಎಂಜಿಆರ್ ಅದನ್ನು ದೊಡ್ಡದಾಗಿ ಬೆಳೆಸಿದರು. ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ದೇಶಕ್ಕೆಲ್ಲ ಒಂದು ಯೋಜನೆ ತಂದಿತು. ಆದರೆ ಬಹುತೇಕ ರಾಜ್ಯಗಳು ಊಟ ಬೇಯಿಸುವ ಗೋಜಿಗೇ ಹೋಗದೆ ತಿಂಗಳಿಗೆ ಮಗುವಿಗೆ 3 ಕೆ.ಜಿ. ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಂಡವು. ಈ '3 ಕೆ.ಜಿ. ಧಾನ್ಯ'ವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

2001ರಲ್ಲಿ ರಾಜಸ್ಥಾನದಲ್ಲಿ ಬರ. ಒಂದು ಕಡೆ ಜನ ಹಸಿವಿನಿಂದ ಸಾಯುತ್ತಿದ್ದರೆ, ಇನ್ನೊಂದು ಕಡೆ ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಬದುಕುವ ಹಕ್ಕು ಎನ್ನುವ ಸಂವಿಧಾನದ 21ನೇ ವಿಧಿಯಲ್ಲಿ ಉಣ್ಣುವ ಹಕ್ಕೂ ಇದೆ ಎಂಬುದು ಅದರ ವಾದ. 2001ರ ನವೆಂಬರ್ 28ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಒಣ ಧಾನ್ಯವಲ್ಲ, ಬೇಯಿಸಿದ ಊಟ ಕೊಡಬೇಕು, ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ನಮ್ಮಲ್ಲಿ 'ಅಕ್ಷರ ದಾಸೋಹ' ಶುರುವಾಗಿದ್ದು ಇದರ ಬೆನ್ನಿಗೇ, 2002ರಲ್ಲಿ, ಈಶಾನ್ಯ ಕರ್ನಾಟಕದ ಜಿಲ್ಲೆಗಳಿಂದ. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು.

2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರ 5ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ, ಅಥವಾ 8ನೇ ತರಗತಿವರೆಗಿನ, ಸರ್ಕಾರಿ ಹಾಗೂ ಅನುದಾನಿತ ಶಾಲೆಯ ಪ್ರತಿ ಮಗುವಿಗೂ ಶಾಲಾ ರಜೆ ಬಿಟ್ಟು ಉಳಿದ ಎಲ್ಲ ದಿನ ಒಂದು ಊಟ ಉಚಿತ. ಊಟದ ಪ್ರಮಾಣವೂ ಹೆಚ್ಚಾಯಿತು: 1ರಿಂದ 5ನೇ ತರಗತಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, 6ರಿಂದ 8ನೇ ತರಗತಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್. (ಕರ್ನಾಟಕದಲ್ಲಿ 9 ಮತ್ತು 10ನೇ ತರಗತಿಗೂ ಬಿಸಿಯೂಟ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ರಾಜ್ಯ ತನ್ನ ಖರ್ಚಿನಲ್ಲಿ ಕೊಡುವುದು, ಕೇಂದ್ರದ ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅನುದಾನವಿಲ್ಲದ ಖಾಸಗಿ ಶಾಲೆಯ ಮಕ್ಕಳೂ ಇದರೊಳಗೆ ಬರುವುದಿಲ್ಲ.)

ಇನ್ನು ಮುಖ್ಯವಾದದ್ದು 2015ರ ಸೆಪ್ಟೆಂಬರ್ 30ರ ಮಧ್ಯಾಹ್ನದೂಟ ನಿಯಮಗಳು. ಧಾನ್ಯ ಬರಲಿಲ್ಲ, ಗ್ಯಾಸ್ ಇಲ್ಲ, ಅಡುಗೆಯವರು ಬರಲಿಲ್ಲ, ಅಥವಾ 'ಬೇರೆ ಯಾವುದೇ ಕಾರಣಕ್ಕೆ' ಶಾಲಾ ದಿನದಲ್ಲಿ ಊಟ ಕೊಡಲಾಗಲಿಲ್ಲ ಎಂದರೆ ರಾಜ್ಯ ಸರ್ಕಾರ ಆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಭತ್ಯೆಯಲ್ಲಿ ಎರಡು ಭಾಗ ಇದೆ: ಮಗುವಿನ ಪಾಲಿನ ಧಾನ್ಯ, ಮತ್ತು ಆ ದಿನಗಳ ಅಡುಗೆ ವೆಚ್ಚದ ಹಣ. ಎರಡೂ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಸಿಗಬೇಕು.

ನಾವು ಇಲ್ಲಿ ಒತ್ತಿ ಹೇಳುವುದು 'ಮತ್ತು' ಎನ್ನುವ ಪದವನ್ನು. ಧಾನ್ಯ ಅಥವಾ ಹಣ ಅಲ್ಲ, ಧಾನ್ಯ ಮತ್ತು ಹಣ.

2020ರ ಮಾರ್ಚ್‌ನಲ್ಲಿ ಏನಾಯಿತು?

ಮಾರ್ಚ್ ಮಧ್ಯಭಾಗದಲ್ಲಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಯಾರೂ ಅರ್ಜಿ ಹಾಕದೆಯೇ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಎಲ್ಲ ರಾಜ್ಯಗಳಿಗೆ ನೋಟಿಸ್ ಕೊಟ್ಟಿತು. ಶಾಲೆ ಮುಚ್ಚಿದ್ದೀರಿ, ಮಕ್ಕಳ ಊಟಕ್ಕೆ ಏನು ಮಾಡಿದ್ದೀರಿ ಎಂಬುದೇ ಪ್ರಶ್ನೆ. ಕೇರಳ ಆಗಲೇ ಮನೆಗೆ ಆಹಾರ ತಲುಪಿಸುತ್ತಿದ್ದುದನ್ನು ಕೋರ್ಟ್ ಗಮನಿಸಿತು. ಎರಡು ದಿನದ ನಂತರ, ಮಾರ್ಚ್ 20ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯಿತು: ಬಿಸಿಯೂಟವನ್ನೇ ಕೊಡಿ, ಇಲ್ಲವೇ ಆಹಾರ ಭದ್ರತಾ ಭತ್ಯೆ ಕೊಡಿ.

ಅಲ್ಲಿಂದ ಮುಂದೆ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಬಿಹಾರ ಬ್ಯಾಂಕ್ ಖಾತೆಗೆ ದುಡ್ಡು ಹಾಕಿತು. ಪಶ್ಚಿಮ ಬಂಗಾಳ ಅಕ್ಕಿಯ ಜೊತೆ ಆಲೂಗಡ್ಡೆ ಕೊಟ್ಟಿತು. ಕರ್ನಾಟಕದಲ್ಲಿ ಪೋಷಕರನ್ನು ಶಾಲೆಗೆ ಕರೆಸಿ ಅಕ್ಕಿ ಅಥವಾ ಗೋಧಿ, ಜೊತೆಗೆ ತೊಗರಿಬೇಳೆ ಹಂಚಲಾಯಿತು. ಹಲವು ತಿಂಗಳ ಪಾಲನ್ನು ಒಟ್ಟಿಗೇ ಕೊಟ್ಟಿದ್ದೂ ಇದೆ. ಒಟ್ಟಿಗೆ ಸಿಕ್ಕಿದರೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ಆದರೆ ಜೂನ್ ತಿಂಗಳ ಹಸಿವಿಗೆ ಚಳಿಗಾಲದಲ್ಲಿ ಅಕ್ಕಿ ಕೊಟ್ಟರೆ ಅದನ್ನು ಬಾಕಿ ತೀರಿಸುವುದು ಎನ್ನಬಹುದೇ ಹೊರತು ಊಟ ಎನ್ನಲಾಗದು. ನಿಯಮದಲ್ಲಿ '15ನೇ ತಾರೀಖು' ಎಂದು ಬರೆದಿರುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು 19 ತಿಂಗಳು. ನಡುವೆ ಪಾಠವೇನೋ 'ವಿದ್ಯಾಗಮ'ದ ಹೆಸರಿನಲ್ಲಿ ದೇವಸ್ಥಾನದ ಜಗಲಿಗೂ ಅರಳಿಕಟ್ಟೆಗೂ ಬಂತು. ಬಿಸಿಯೂಟ ಹಾಗೆ ಬರಲಿಲ್ಲ. 2013ರಿಂದ ಕ್ಷೀರಭಾಗ್ಯದಲ್ಲಿ ಲೋಟಕ್ಕೆ ಸುರಿಯುತ್ತಿದ್ದ ಬಿಸಿ ಹಾಲೂ ಇರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತ್ತು.

"ರಜೆಯಲ್ಲಿ ಕೊಡಬೇಕೆಂದೇನೂ ಇಲ್ಲವಲ್ಲ!"

ಕಾಯ್ದೆಯಲ್ಲೇ 'ಶಾಲಾ ರಜೆ ಬಿಟ್ಟು' ಎಂದಿದೆ, ಹಾಗಾಗಿ ಕೊರೊನಾ ರಜೆಯಲ್ಲಿ ಕೊಡದಿದ್ದರೆ ತಪ್ಪೇನು ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಭಾನುವಾರದ ರಜೆಗೂ ಸರ್ಕಾರದ ಆದೇಶದಿಂದ ಶಾಲೆ ಮುಚ್ಚುವುದಕ್ಕೂ ವ್ಯತ್ಯಾಸ ಇದೆ. ಮಾರ್ಚ್ 20ರ ಕೇಂದ್ರದ ಪತ್ರವೇ ಇದನ್ನು ಒಪ್ಪಿಕೊಂಡಿತು. ಆ ವರ್ಷ ಬೇಸಿಗೆ ರಜೆಗೂ ಊಟದ ಪಾಲು ಕೊಡಲು ಕೇಂದ್ರ ಸುಮಾರು 1,600 ಕೋಟಿ ರೂಪಾಯಿ ಹೆಚ್ಚುವರಿಯಾಗಿ ಇಟ್ಟಿತು. ಬೇಸಿಗೆ ರಜೆಯಲ್ಲಿ ಊಟ ಕೊಡುವುದೂ ಹೊಸದಲ್ಲ. ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೊಮ್ಮೆ, 2016ರಲ್ಲಿ ಮತ್ತೊಮ್ಮೆ ಹೇಳಿದೆ.

ಇನ್ನೊಂದು ವಾದ: "ದೇವರ ಆಟ, ವಿಪತ್ತು ಬಂದಾಗ ಸರ್ಕಾರ ಏನು ಮಾಡಲಾಗುತ್ತೆ?" ಇದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ, ಆದರೆ ಓದಿದವರು ಕಡಿಮೆ. 44ನೇ ಸೆಕ್ಷನ್ ಪ್ರಕಾರ ಧಾನ್ಯ ಅಥವಾ ಊಟದ ಪೂರೈಕೆಗೆ ಅಡ್ಡಿಯಾದಾಗ ಸರ್ಕಾರ ಹೊಣೆಯಿಂದ ತಪ್ಪಿಸಿಕೊಳ್ಳಬಹುದಾದ ಸಂದರ್ಭಗಳು ಇಷ್ಟೇ: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ. ಪಟ್ಟಿಯಲ್ಲಿ ಸಾಂಕ್ರಾಮಿಕ ರೋಗ ಇಲ್ಲ. ಕಾಯ್ದೆ ಮಾಡಿದವರಿಗೆ 2013ರಲ್ಲಿ ಅದು ಹೊಳೆದಿರಲಿಲ್ಲವೋ, ಬೇಕೆಂದೇ ಬಿಟ್ಟರೋ, ಪರಿಣಾಮ ಒಂದೇ. ಸಾಂಕ್ರಾಮಿಕವನ್ನು ಕಾರಣವಾಗಿ ತೋರಿಸಲು ಈ ಸೆಕ್ಷನ್ ಜಾಗ ಕೊಟ್ಟಿಲ್ಲ.

ಒಂದು ತಟ್ಟೆ ಊಟದ ಲೆಕ್ಕ

ಈಗ "ಅಕ್ಕಿ ಕೊಟ್ಟರಲ್ಲ, ಇನ್ನೇನು ಬೇಕು?" ಎಂಬ ಪ್ರಶ್ನೆಗೆ ಬರೋಣ. ನಮ್ಮ ಪ್ರಕಾರ ಇಡೀ ವಿಷಯದ ತಿರುಳು ಇದೇ.

1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ನಿಗದಿಯಾದ ಸಾಮಗ್ರಿ: 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 100 ಗ್ರಾಂ ಅಕ್ಕಿಯಿಂದ ಸಿಗುವುದು ಹೆಚ್ಚುಕಡಿಮೆ 350 ಕ್ಯಾಲೊರಿ ಮತ್ತು 8 ಗ್ರಾಂ ಪ್ರೋಟೀನ್. 20 ಗ್ರಾಂ ತೊಗರಿಬೇಳೆಯಿಂದ ಇನ್ನೊಂದು 65–70 ಕ್ಯಾಲೊರಿ, ನಾಲ್ಕೂವರೆ ಗ್ರಾಂ ಪ್ರೋಟೀನ್. ಎಣ್ಣೆಯಿಂದ 45 ಕ್ಯಾಲೊರಿ, ತರಕಾರಿಯಿಂದ ಹತ್ತು ಹದಿನೈದು. ಎಲ್ಲ ಕೂಡಿಸಿದರೆ ಕಾನೂನು ಹೇಳಿದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ದಾಟುತ್ತದೆ.

ಈಗ ತಟ್ಟೆಯಿಂದ ಬೇಳೆ, ತರಕಾರಿ, ಎಣ್ಣೆ ತೆಗೆಯಿರಿ. ಕ್ಯಾಲೊರಿಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು, ಪ್ರೋಟೀನ್‌ನಲ್ಲಿ ಮೂರರಲ್ಲೊಂದು ಪಾಲು ಹೋಯಿತು. 6ರಿಂದ 8ನೇ ತರಗತಿಯವರಿಗೆ 150 ಗ್ರಾಂ ಅಕ್ಕಿ ಸಿಕ್ಕರೂ 20 ಗ್ರಾಂ ಪ್ರೋಟೀನ್‌ನಲ್ಲಿ 12 ಮಾತ್ರ ಬರುತ್ತದೆ, 8 ಗ್ರಾಂ ಖೋತಾ. ಎ ಮತ್ತು ಸಿ ವಿಟಮಿನ್‌ಗಳಂತೂ ಬಿಳಿ ಅಕ್ಕಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಪ್ರೋಟೀನ್‌ನ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅಕ್ಕಿಯ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಎರಡೂ ಸೇರಿದಾಗ ದೇಹ ಅವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅನ್ನಕ್ಕೆ ಸಾರು, ಮುದ್ದೆಗೆ ಬಸ್ಸಾರು, ರೊಟ್ಟಿಗೆ ಕಾಳುಪಲ್ಯ ಎಂದು ನಮ್ಮ ಮನೆಗಳಲ್ಲಿ ಜೋಡಿಸಿಟ್ಟಿರುವುದು ರುಚಿಗಷ್ಟೇ ಅಲ್ಲ. ಬರಿಯ ಅಕ್ಕಿ ಕೊಡುವುದೆಂದರೆ ಜೋಡಿಯಲ್ಲಿ ಒಂದನ್ನು ಮಾತ್ರ ಕೊಟ್ಟಂತೆ.

ಇನ್ನು ಒಲೆಯಿಂದ ತಟ್ಟೆಗೆ ಬರುವ ದಾರಿ. ಶಾಲೆಯಲ್ಲಿ ಬಡಿಸಿದ ಊಟ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಬಂದ ಅಕ್ಕಿ ಮನೆಯ ಡಬ್ಬಕ್ಕೆ ಹೋಗುತ್ತದೆ. ತಿಂಗಳಿಗೆ 25 ಶಾಲಾ ದಿನ ಎಂದು ಹಿಡಿದರೂ ಮಗುವಿನ ಪಾಲು ಎರಡೂವರೆ ಕಿಲೊ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ ಕಾಲು ಕಿಲೊ ಎಂದರೆ ಎರಡೇ ದಿನಕ್ಕೆ ಖಾಲಿ. ಇದರಲ್ಲಿ ಅಪ್ಪ ಅಮ್ಮನ ತಪ್ಪೇನೂ ಇಲ್ಲ. ಕೂಲಿ ನಿಂತ ಮನೆಯಲ್ಲಿ ಮಗುವಿನ ಅಕ್ಕಿಯನ್ನು ಬೇರೆ ಬೇಯಿಸಿ ಯಾರು ತಾನೆ ಬಡಿಸುತ್ತಾರೆ? 1995ರ '3 ಕೆ.ಜಿ. ಧಾನ್ಯ'ದಲ್ಲಿ ಇದ್ದ ದೋಷವೂ ಇದೇ. ಬೇಯಿಸಿದ ಊಟವೇ ಬೇಕು ಎಂದು 2001ರಲ್ಲಿ ಕೋರ್ಟ್ ಹೇಳಿ ಬಿಡಿಸಿದ್ದ ಗಂಟು 2020ರಲ್ಲಿ ಮತ್ತೆ ಬಿತ್ತು.

ಆಗ ಬೇರೆ ದಾರಿ ಇತ್ತೇ ಎಂದರೆ, ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ನೂರು ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಸರಿ ಇರಲಿಲ್ಲ, ಒಣ ರೇಷನ್ ಆಗ ಅನಿವಾರ್ಯ. ಅದನ್ನು ನಾವು ತಕರಾರು ಮಾಡುವುದಿಲ್ಲ. ನಮ್ಮ ಪ್ರಶ್ನೆ ಅಡುಗೆ ವೆಚ್ಚದ ಬಗ್ಗೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಖಾರ, ಗ್ಯಾಸ್ ಎಲ್ಲ ಬರುವುದು ಆ ಹಣದಿಂದ. 2020ರ ಏಪ್ರಿಲ್ 1ರಿಂದ ಅದು ದಿನಕ್ಕೆ ಪ್ರಾಥಮಿಕದ ಮಗುವಿಗೆ 4 ರೂಪಾಯಿ 97 ಪೈಸೆ, ಹಿರಿಯ ಪ್ರಾಥಮಿಕಕ್ಕೆ 7 ರೂಪಾಯಿ 45 ಪೈಸೆ ಇತ್ತು. ಹೌದು, ಇಷ್ಟೇ. ಹೋಟೆಲಿನಲ್ಲಿ ಅರ್ಧ ಟೀಗೂ ಆಗದ ದುಡ್ಡಿನಲ್ಲಿ ಒಂದು ಮಗುವಿನ ಸಾಂಬಾರು!

2021ರ ಆ ಸುಮಾರು 100 ರೂಪಾಯಿ

2021ರ ಮೇ 28ರಂದು ಕೇಂದ್ರ ಶಿಕ್ಷಣ ಸಚಿವಾಲಯ 11.8 ಕೋಟಿ ಮಕ್ಕಳಿಗೆ ಅಡುಗೆ ವೆಚ್ಚವನ್ನು ನೇರವಾಗಿ ಖಾತೆಗೆ ಹಾಕುವುದಾಗಿ ಪ್ರಕಟಿಸಿತು. ಒಟ್ಟು ಮೊತ್ತ ಸುಮಾರು 1,200 ಕೋಟಿ. ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಕಾಣುವುದು ದೊಡ್ಡ ಸಂಖ್ಯೆಯೇ. ಭಾಗಿಸಿ ನೋಡಿ: ಒಂದು ಮಗುವಿಗೆ ಸುಮಾರು 102 ರೂಪಾಯಿ, ಒಂದೇ ಬಾರಿಗೆ. ದಿನಕ್ಕೆ 4.97ರ ಲೆಕ್ಕದಲ್ಲಿ ಅದು ಕಿರಿಯ ಮಕ್ಕಳಿಗೆ ಸುಮಾರು 20 ದಿನದ ಅಡುಗೆ ವೆಚ್ಚ, 7.45ರ ಲೆಕ್ಕದಲ್ಲಿ ಹಿರಿಯ ಮಕ್ಕಳಿಗೆ 14 ದಿನದ್ದೂ ಅಲ್ಲ. ಅಷ್ಟು ಹೊತ್ತಿಗೆ ಶಾಲೆ ಮುಚ್ಚಿ 14 ತಿಂಗಳು ಕಳೆದಿತ್ತು. ಪಡಿತರದಲ್ಲಿ ತಲಾ 5 ಕೆ.ಜಿ. ಉಚಿತ ಧಾನ್ಯವೂ ಸಿಗುತ್ತಿತ್ತು ನಿಜ, ಆದರೆ ಅದು ಬೇರೆ ಯೋಜನೆ, ಮನೆಯ ಪಾಲು. ಮಗುವಿನ ಶಾಲೆಯ ಪಾಲನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ.

ಕೋಟಿಗಳ ಸುದ್ದಿ ಫಾರ್ವರ್ಡ್ ಆಗಿ ಬಂದಾಗ ಒಂದು ಅಭ್ಯಾಸ ಮಾಡಿಕೊಳ್ಳಿ: ತಲೆಗೆಷ್ಟು, ದಿನಕ್ಕೆಷ್ಟು ಎಂದು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಒತ್ತಿ ನೋಡಿ. ಸರ್ಕಾರವನ್ನು ಹೊಗಳುವ ಸಂದೇಶವಾಗಲಿ, ತೆಗಳುವ ಸಂದೇಶವಾಗಲಿ, ಅರ್ಧ ನಿಮಿಷದ ಕೆಲಸ.

ಸಾಕಷ್ಟು ಆಹಾರ ಎಂದರೆ ಏನು ಎಂಬ ಪ್ರಶ್ನೆ ಶ್ರೀಮಂತ ದೇಶಗಳನ್ನೂ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ 2020ರ ಬೇಸಿಗೆ ರಜೆಗೆ ಬಡ ಮಕ್ಕಳ ಊಟದ ವೋಚರ್ ಮುಂದುವರಿಸುವುದಿಲ್ಲ ಎಂದ ಸರ್ಕಾರ, ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಬಹಿರಂಗ ಪತ್ರ ಬರೆದ ಮರುದಿನ, ಜೂನ್ 16ರಂದು, ಮನಸ್ಸು ಬದಲಿಸಿತು. 2021ರ ಜನವರಿಯಲ್ಲಿ ವೋಚರ್ ಬದಲು ಕೆಲವರಿಗೆ ಆಹಾರದ ಪೊಟ್ಟಣ ಬಂದಾಗ ತಾಯಿಯೊಬ್ಬರು ಅದರ ಫೋಟೊ ಹಾಕಿದರು: ಒಂದು ಬ್ರೆಡ್, ಎರಡು ಕ್ಯಾರೆಟ್, ಎರಡು ಆಲೂಗಡ್ಡೆ, ಒಂದು ಟೊಮೆಟೊ, ಹೀಗೆ ಇನ್ನೂ ಕೆಲವು, ಹತ್ತು ದಿನಕ್ಕೆ! ದೇಶವೇ ಸಿಟ್ಟಾಯಿತು, ವೋಚರ್ ಮರಳಿ ಬಂತು. ಒಂದು ಫಾರ್ವರ್ಡ್ ಒಳ್ಳೆಯ ಕೆಲಸಕ್ಕೂ ಬರುತ್ತದೆ ಎನ್ನಲು ನಾವು ಇದನ್ನು ಆಗಾಗ ನೆನೆಯುತ್ತೇವೆ. 1999ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಆಹಾರದ ಹಕ್ಕನ್ನು ವಿವರಿಸುವಾಗ ಪ್ರಮಾಣದ ಜೊತೆ ಗುಣಮಟ್ಟವನ್ನೂ, ಅದು ಸುರಕ್ಷಿತವಾಗಿರಬೇಕು, ಆಯಾ ಜನರ ರೂಢಿಗೆ ಒಪ್ಪಬೇಕು ಎಂಬುದನ್ನೂ ಸೇರಿಸಿತ್ತು. ಆ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದೆ.

"ಶಾಲೇಲಿ ತಿಂದರೆ ಮನೇಲಿ ಕಡಿಮೆ ಹಾಕ್ತಾರೆ, ಲೆಕ್ಕ ಒಂದೇ"

ಇದೂ ಹಳೆಯ ಮಾತು. ಹಾಗಿದ್ದರೆ ಬಿಸಿಯೂಟ ನಿಂತರೂ ನಷ್ಟವಿಲ್ಲ ಎಂದಾಗುತ್ತದೆ. ಅರ್ಥಶಾಸ್ತ್ರಜ್ಞೆ ಫರ್ಜಾನಾ ಅಫ್ರಿದಿ ಮಧ್ಯಪ್ರದೇಶದಲ್ಲಿ ಇದನ್ನೇ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಶಾಲೆಯಲ್ಲಿ ಕೊಟ್ಟ ಪೋಷಕಾಂಶದಲ್ಲಿ ಕಡಿಮೆ ಎಂದರೂ ಅರ್ಧದಷ್ಟು, ಕೆಲವು ಪೋಷಕಾಂಶಗಳಲ್ಲಿ ಪೂರ್ತಿಯಾಗಿ, ಮಗುವಿನ ಆ ದಿನದ ಒಟ್ಟು ಆಹಾರಕ್ಕೆ ಸೇರಿತ್ತು. ಮನೆಯವರು ಅದಕ್ಕೆ ಸರಿಯಾಗಿ ಕಡಿತ ಮಾಡಿರಲಿಲ್ಲ.

ಬಿಕ್ಕಟ್ಟಿನ ಕಾಲದ್ದೇ ಬೇಕೆಂದರೆ 2014ರಲ್ಲಿ ಬಂದ ಇನ್ನೊಂದು ಅಧ್ಯಯನ ಇದೆ. ಆಂಧ್ರಪ್ರದೇಶದಲ್ಲಿ ಬರಕ್ಕೆ ಸಿಕ್ಕಿ ಬೆಳವಣಿಗೆ ಕುಂಠಿತವಾಗಿದ್ದ ಚಿಕ್ಕ ಮಕ್ಕಳು ಶಾಲೆಗೆ ಸೇರಿ ಬಿಸಿಯೂಟ ಉಣ್ಣತೊಡಗಿದ ಮೇಲೆ ಚೇತರಿಸಿಕೊಂಡಿದ್ದರು. ಅಂದರೆ ಮನೆಯ ಆದಾಯ ಕುಸಿದಾಗಲೇ ಬಿಸಿಯೂಟದ ಬೆಲೆ ಹೆಚ್ಚು. 2020ರಲ್ಲಿ ಆದಾಯ ಕುಸಿದಾಗಲೇ ಒಲೆ ಆರಿತು.

2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಒಂದು ತಲೆಮಾರು ಮುಂದೆ ಹೋಗಿ ನೋಡಿತು. ಚಿಕ್ಕಂದಿನಲ್ಲಿ ಬಿಸಿಯೂಟ ಸಿಕ್ಕಿದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರದಲ್ಲಿ ಇತರರಿಗಿಂತ ಮುಂದಿದ್ದರು. ಇದಕ್ಕೆ ಬಿಸಿಯೂಟ ಒಂದೇ ಕಾರಣ ಎನ್ನಲಾಗದು. ಹೆಚ್ಚು ಓದಿದ್ದು, ತಡವಾಗಿ ಮದುವೆಯಾದದ್ದೂ ಸೇರಿರುತ್ತದೆ. ಆದರೆ ಅವರನ್ನು ಶಾಲೆಯಲ್ಲಿ ಹಿಡಿದಿಟ್ಟದ್ದರಲ್ಲಿ ಊಟಕ್ಕೂ ಪಾಲಿದೆ.

ಕೋಳಿ, ಮೊಟ್ಟೆ ಮತ್ತು 'ಪ್ಲಾಸ್ಟಿಕ್' ಅಕ್ಕಿ

ಆ ಕಾಲದಲ್ಲಿ ಮಕ್ಕಳ ತಟ್ಟೆಗೆ ಕಲ್ಲು ಹಾಕಿದ್ದು ಸರ್ಕಾರಿ ಕಡತಗಳಷ್ಟೇ ಅಲ್ಲ, ನಮ್ಮ ಫಾರ್ವರ್ಡ್‌ಗಳೂ ಹೌದು. 2020ರ ಫೆಬ್ರುವರಿ–ಮಾರ್ಚ್‌ನಲ್ಲಿ ಕೋಳಿ, ಮೊಟ್ಟೆ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಎಷ್ಟು ಹಬ್ಬಿತೆಂದರೆ ಕೋಳಿ ಬೆಲೆ ನೆಲಕಚ್ಚಿತು, ನಮ್ಮ ರಾಜ್ಯದಲ್ಲೇ ಗುಂಡಿ ತೋಡಿ ಜೀವಂತ ಕೋಳಿಗಳನ್ನು ಹೂಳಿದ್ದೂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಶಾಲೆ ತೆರೆದ ಮೇಲೆ, 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು, ಬೇಡ ಎನ್ನುವವರಿಗೆ ಬಾಳೆಹಣ್ಣು. ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಆಯ್ಕೆ ಮಗುವಿನ ಮನೆಯದು, ಸರಿ. ಬಾಳೆಹಣ್ಣು ಮೊಟ್ಟೆಗೆ ಸಮ ಎಂಬ ಸಂದೇಶ ಮಾತ್ರ ಸುಳ್ಳು.

ಶಾಲೆಯ ಮತ್ತು ರೇಷನ್ ಅಕ್ಕಿಯಲ್ಲಿ 'ಪ್ಲಾಸ್ಟಿಕ್ ಕಾಳು' ಸಿಕ್ಕಿತು, ನೀರಿಗೆ ಹಾಕಿದರೆ ತೇಲುತ್ತದೆ ಎಂಬ ವಿಡಿಯೊಗಳೂ ನಿಂತಿಲ್ಲ. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ, 100 ಕಾಳಿಗೆ ಒಂದರಂತೆ ಮಾಮೂಲಿ ಅಕ್ಕಿಗೆ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ ಕಾಣಬಹುದು, ಕೆಲವು ತೇಲಬಹುದು. ಆರಿಸಿ ಬಿಸಾಡಬೇಡಿ. ಮನೆಯಲ್ಲಿ ತಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರುವವರಿದ್ದರೆ ಕಬ್ಬಿಣಾಂಶದ ಬಗ್ಗೆ ವೈದ್ಯರನ್ನು ಒಮ್ಮೆ ಕೇಳಿ.

ಅಂಗನವಾಡಿ, ಅಡುಗೆಯವರು

ಆರು ವರ್ಷದೊಳಗಿನವರ ಪಾಡು ಇನ್ನೂ ಸೂಕ್ಷ್ಮ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಂಗನವಾಡಿಯ ಊಟವೂ, ಗರ್ಭಿಣಿ ಮತ್ತು ಬಾಣಂತಿಯರ ಆಹಾರವೂ ಇದೇ ಕಾಯ್ದೆಯ ಹಕ್ಕು. 2021ರ ಜನವರಿ 13ರಂದು ಸುಪ್ರೀಂ ಕೋರ್ಟ್, ಕಂಟೈನ್‌ಮೆಂಟ್ ವಲಯದ ಹೊರಗಿನ ಅಂಗನವಾಡಿಗಳನ್ನು ತೆರೆಯುವ ಬಗ್ಗೆ ತಿಂಗಳ ಕೊನೆಯೊಳಗೆ ತೀರ್ಮಾನಿಸುವಂತೆ ರಾಜ್ಯಗಳಿಗೆ ಹೇಳಿತು. ಆ ಹೊತ್ತಿಗೆ ಮಾಲ್, ಸಿನಿಮಾ ಮಂದಿರಗಳು ತೆರೆದಿದ್ದವು.

ಅಡುಗೆ ಸಿಬ್ಬಂದಿಯ ಬಗ್ಗೆ ಒಂದೇ ಮಾತು. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳಿಗೆ ಮಾತ್ರ. ರಾಜ್ಯಗಳು ಮೇಲಿಂದ ಸೇರಿಸಿದಷ್ಟು ಹೆಚ್ಚು. ಸಂಬಳ ಎನ್ನದೆ ಗೌರವಧನ ಎನ್ನುತ್ತಾರೆ, ಕೆಲಸಗಾರರಿಗೆ ಸಿಗುವ ಸೌಲಭ್ಯ ಕೊಡಬೇಕಾಗಿಲ್ಲವಲ್ಲ.

ಮತ್ತೆ ಶಾಲೆ ಮುಚ್ಚಿದರೆ ಯಾರನ್ನು ಕೇಳಬೇಕು?

ಮೊದಲು ಮುಖ್ಯಶಿಕ್ಷಕರನ್ನು ಮತ್ತು ಎಸ್‌ಡಿಎಂಸಿಯನ್ನು ಕೇಳಿ. ಕೇಳಬೇಕಾದ್ದು "ಏನಾದ್ರೂ ಕೊಡ್ತೀರಾ" ಎಂದಲ್ಲ. ಶಾಲೆ ಮುಚ್ಚಿದ್ದ ದಿನಗಳೆಷ್ಟು, ನನ್ನ ಮಗುವಿಗೆ ಧಾನ್ಯ ಎಷ್ಟು, ಅಡುಗೆ ವೆಚ್ಚ ಎಷ್ಟು, ಯಾವಾಗ ಬರುತ್ತದೆ ಎಂದು ಕೇಳಿ. ಅಕ್ಕಿ ಪಡೆದು ಸಹಿ ಹಾಕುವಾಗ ಎಷ್ಟು ದಿನದ ಪಾಲು ಎಂದು ಬರೆದಿದ್ದಾರೋ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೇಷ್ಟ್ರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಗೋದಾಮಿನಿಂದ ಬರದಿದ್ದರೆ ಅವರೂ ಏನು ಮಾಡಲಾಗುವುದಿಲ್ಲ.

ಅಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕಿನ ಬಿಇಒ ಕಚೇರಿಗೆ ಮತ್ತು ಅಕ್ಷರ ದಾಸೋಹದ ಅಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಮೇಲೆ, ಆಹಾರ ಭದ್ರತಾ ಕಾಯ್ದೆಯಡಿ ಪ್ರತಿ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಅವರ ಆದೇಶ ಸಮಾಧಾನ ತರದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ನಿವಾರಣಾಧಿಕಾರಿ ಹೇಳಿದ ಪರಿಹಾರವನ್ನು ಸರಿಯಾದ ಕಾರಣವಿಲ್ಲದೆ ಕೊಡದ ಸರ್ಕಾರಿ ನೌಕರನಿಗೆ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು. 2015ರ ನಿಯಮದಲ್ಲಿ ಇನ್ನೊಂದು ಸಾಲಿದೆ: ಸತತ 3 ಶಾಲಾ ದಿನ, ಅಥವಾ ತಿಂಗಳಲ್ಲಿ 5 ದಿನ ಊಟ ಸಿಗದಿದ್ದರೆ ಇದಕ್ಕೆ ಯಾರು ಹೊಣೆ ಎಂದು ರಾಜ್ಯ ಸರ್ಕಾರ ಗೊತ್ತುಮಾಡಬೇಕು. ಅರ್ಜಿಯಲ್ಲಿ ಆ ದಿನಗಳ ತಾರೀಖುಗಳನ್ನು ಒಂದೊಂದಾಗಿ ಬರೆಯಿರಿ.